ಕಿರ್ದಿಯಿಂದ ಗಣಕಯಂತ್ರಕ್ಕೆ

ವ್ಯಾಪಾರ ಸಂಸ್ಥೆಗಳು ತಮ್ಮ ಲೆಕ್ಕಪತ್ರ, ಖರೀದಿ, ವಿಕ್ರಿ, ಉಗ್ರಾಣ, ಪಗಾರ ಮೊದಲಾದ ಎಲ್ಲ ವ್ಯವಹಾರಗಳನ್ನು ಕಾಗದದಿಂದ ಗಣಕಯಂತ್ರಕ್ಕೆ ದಾಟಿಸುವ ಕಾರ್ಯಕ್ಕೆ ಈಗ ‘ಡಿಜಿಟಲ್ ಪರಿವರ್ತನೆ’ ಎಂಬ ಹೆಸರು ರೂಢಿಗೆ ಬಂದಿದೆ. ಬೆಳಗಾವಿಯ ಖಡೇಬಜಾರದ ಬಟ್ಟೆಯಂಗಡಿಯಿಂದ ಹಿಡಿದು ದೇಶವ್ಯಾಪಿಯಾದ ಬ್ಯಾಂಕುಗಳವರೆಗೆ ಈ ಮಾತು ಕೇಳಿಬರುತ್ತದೆ. ಕೆಲವು ಸಂಸ್ಥೆಗಳಲ್ಲಿ ಈ ಪರಿವರ್ತನೆ ಫಲ ಕೊಟ್ಟಿದೆ. ಇನ್ನು ಕೆಲವೆಡೆ ಹಣವನ್ನೂ ಜನರ ತಾಳ್ಮೆಯನ್ನೂ ನುಂಗಿ, ಹಳೆಯ ತೊಂದರೆಗಳನ್ನು ಹೊಸ ಪರದೆಯ ಮೇಲೆ ತೋರಿಸುತ್ತಿದೆ. ಒಂದೇ ಬಗೆಯ ಯಂತ್ರ, ಒಂದೇ ಬಗೆಯ ತಂತ್ರ. ಆದರೂ ಫಲದಲ್ಲಿ ಇಷ್ಟು ಅಂತರವೇಕೆ? ಅದು ಸಫಲವಾಗಲು ಬೇಕಾದ ಅಂಶಗಳು ಯಾವುವು? ಈ ಪ್ರಶ್ನೆಯನ್ನು ಇಂದು ತಮ್ಮೆದುರು ಇಡಬೇಕೆಂದಿದ್ದೇನೆ.

ಮೂರು ದಶಕಗಳಿಗೂ ಮಿಕ್ಕಿ ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನು ಇಂಥ ವಿಷಯವನ್ನು ಕೈಗೆತ್ತಿಕೊಂಡದ್ದು ಕೆಲವು ಶ್ರೋತೃಗಳಿಗೆ ಸೋಜಿಗವೆನಿಸಬಹುದು. ಆದರೆ ಲೆಕ್ಕವೂ ಒಂದು ಬರವಣಿಗೆಯೇ. ಯಾರು ಬರೆದರು, ಯಾರಿಗಾಗಿ ಬರೆದರು, ತಪ್ಪಿದ್ದರೆ ತಿದ್ದುವವರು ಯಾರು ಎಂಬ ಪ್ರಶ್ನೆಗಳು ಕಾವ್ಯದ ಹಸ್ತಪ್ರತಿಗೆ ಎಷ್ಟು ಸಲ್ಲುತ್ತವೆಯೋ ಅಂಗಡಿಯ ವಹಿಗೂ ಅಷ್ಟೇ ಸಲ್ಲುತ್ತವೆ. ‘ಡಿಜಿಟಲ್’ ಎಂಬ ಶಬ್ದದ ಮೂಲವನ್ನೇ ನೋಡಿರಿ. ಲ್ಯಾಟಿನ್ ಭಾಷೆಯಲ್ಲಿ ‘ಡಿಜಿಟಸ್’ ಎಂದರೆ ಬೆರಳು. ಬೆರಳಿನಿಂದ ಎಣಿಕೆ, ಎಣಿಕೆಯಿಂದ ಅಂಕೆ. ನಾವೂ ‘ಬೆರಳೆಣಿಕೆ’ ಎನ್ನುತ್ತೇವಲ್ಲವೇ? ಬೆಳಕಿನ ವೇಗದಲ್ಲಿ ಕೆಲಸ ಮಾಡುವ ಈ ಯಂತ್ರದ ಹೆಸರಿನೊಳಗೆ ಮನುಷ್ಯನ ಕೈಬೆರಳು ಇನ್ನೂ ಉಳಿದುಕೊಂಡಿದೆ.

ಬರವಣಿಗೆಯ ಸಾಧನ ಬದಲಾಗುವುದು ನಮ್ಮ ನಾಡಿಗೆ ಹೊಸದಲ್ಲ. ಕನ್ನಡ ನಾಡಿನಲ್ಲಿ ಹಿಂದೆ ಲೆಕ್ಕಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆಯೇ ಕಡತ. ಅದರ ಮೇಲೆ ಬಳಪದಿಂದ ಬರೆಯುವುದು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಕಡತ ಹೋಗಿ ಕಾಗದ ಬಂದಿತು. ಕಡತವೆಂಬ ಮಾತು ಮಾತ್ರ ಕಚೇರಿಯ ಕಾಗದದ ಕಟ್ಟಿಗೆ ಅಂಟಿಕೊಂಡಿತು. ಈಗ ಕಾಗದವೂ ಹೋಗುತ್ತಿದೆ. ಗಣಕಯಂತ್ರದೊಳಗಿನ ದಾಖಲೆಯ ಕಟ್ಟನ್ನೂ ಕನ್ನಡದಲ್ಲಿ ಕಡತವೆಂದೇ ಕರೆಯುತ್ತಿದ್ದೇವೆ. ಬಟ್ಟೆ, ಕಾಗದ, ವಿದ್ಯುತ್ತು ಹೀಗೆ ಮೈ ಎರಡು ಬಾರಿ ಬದಲಾಯಿತು, ಹೆಸರು ಒಂದೇ ಉಳಿಯಿತು. ಆದ್ದರಿಂದ ಸಾಧನದ ಬದಲಾವಣೆಯನ್ನೇ ಪರಿವರ್ತನೆಯೆಂದು ಎಣಿಸುವ ಅವಸರ ಬೇಡ.

ನನ್ನ ತಂದೆಯವರು ಖಾನಾಪುರದ ಪೇಟೆಯಲ್ಲಿ ಒಂದು ಕಾಳಿನಂಗಡಿಯ ದಿವಾನಜಿಯಾಗಿದ್ದರು. ದಿನದ ವ್ಯವಹಾರವನ್ನೆಲ್ಲ ಅನುಕ್ರಮವಾಗಿ ಕಿರ್ದಿಯಲ್ಲಿ ಬರೆಯುವುದು, ಆಮೇಲೆ ಅದನ್ನು ಹೆಸರು ಹೆಸರಿಗೆ ವಿಂಗಡಿಸಿ ಖತಾವಣಿಗೆ ಏರಿಸುವುದು, ರಾತ್ರಿ ಪೆಟ್ಟಿಗೆಯ ರೊಕ್ಕಕ್ಕೂ ಕಿರ್ದಿಯ ಶಿಲ್ಕಿಗೂ ತಾಳೆ ನೋಡಿ ಏಳುವುದು, ಇದು ಅವರ ನಿತ್ಯವಿಧಿ. ದೀಪಾವಳಿಯಲ್ಲಿ ಹೊಸ ವಹಿಗಳಿಗೆ ಅರಿಶಿಣ ಕುಂಕುಮ ಹಚ್ಚಿ ಪೂಜೆ. ಗಿರಾಕಿಗೆ ಕೊಡುತ್ತಿದ್ದ ಪಟ್ಟಿಯ ಕೆಳಗೆ ಅವರು ಒಂದು ಸಾಲನ್ನು ತಪ್ಪದೆ ಬರೆಯುತ್ತಿದ್ದರು: ‘ಚೂಕ್ ಭೂಲ್ ದ್ಯಾವೀ ಘ್ಯಾವೀ’. ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ನಮ್ಮ ಭಾಗದ ಪೇಟೆಯವರಿಗೆ ಈ ಮಾತು ಚಿರಪರಿಚಿತ. ತಪ್ಪಾಗಿದ್ದರೆ, ಮರೆತಿದ್ದರೆ, ಕೊಡುವುದು ಕೊಡೋಣ, ತೆಗೆದುಕೊಳ್ಳುವುದು ತೆಗೆದುಕೊಳ್ಳೋಣ ಎಂದು ಅದರ ಅರ್ಥ. ಲೆಕ್ಕ ಬರೆದವನು ತಾನು ತಪ್ಪಬಹುದೆಂದು ಮೊದಲೇ ಒಪ್ಪಿಕೊಂಡು, ಎದುರಿಗಿದ್ದವನಿಗೆ ಕೇಳುವ ಅಧಿಕಾರವನ್ನು ಬರವಣಿಗೆಯಲ್ಲೇ ಕೊಡುತ್ತಿದ್ದ. ಆ ಒಂದು ಸಾಲಿನ ಮೇಲೆ ಪೇಟೆಯ ವಿಶ್ವಾಸ ನಿಂತಿತ್ತು.

ಈ ಪರಿವರ್ತನೆಯ ವಿಚಾರದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ. ಯಂತ್ರ ಎಷ್ಟು ವೇಗದ್ದು, ಎಷ್ಟು ಬೆಲೆಯದು ಎಂಬುದು ಎರಡನೆಯ ಪ್ರಶ್ನೆ. ಕೆಲಸದ ಕ್ರಮ ಬದಲಾಯಿತೆ, ಮತ್ತು ಯಾರ ಲೆಕ್ಕವೋ ಅವನು ‘ಇದು ತಪ್ಪಾಗಿದೆ’ ಎಂದರೆ ಕೇಳಿಸಿಕೊಂಡು ತಿದ್ದುವ ದಾರಿ ಉಳಿಯಿತೆ ಎಂಬುದು ಮೊದಲನೆಯ ಪ್ರಶ್ನೆ. ಇದಕ್ಕೆ ಉತ್ತರವಿದ್ದಲ್ಲಿ ಪರಿವರ್ತನೆ ಗೆದ್ದಿದೆ, ಇಲ್ಲದಲ್ಲಿ ಸೋತಿದೆ. ಕೆಲವು ನಿದರ್ಶನಗಳಿಂದ ಇದನ್ನು ಪರಿಶೀಲಿಸೋಣ.

ಮೊದಲು ಬ್ಯಾಂಕುಗಳನ್ನು ತೆಗೆದುಕೊಳ್ಳೋಣ. ಭಾರತದ ವ್ಯಾಪಾರ ಸಂಸ್ಥೆಗಳಲ್ಲಿ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಈ ಮಾರ್ಗವನ್ನು ನಡೆದವರು ಅವರೇ. 1983ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಳಕೆಯನ್ನು ಕುರಿತು ಒಪ್ಪಂದವಾಯಿತು. ಅದೇ ಕಾಲದಲ್ಲಿ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಗಿ, 1984ರಲ್ಲಿ ವರದಿ ಕೊಟ್ಟಿತು. ಮೊದಲ ಘಟ್ಟದಲ್ಲಿ ಶಾಖೆಗಳಿಗೆ ಬಂದದ್ದು ಲೆಜರು ಬರೆಯುವ ಯಂತ್ರ. ಗುಮಾಸ್ತನು ಕೈಯಿಂದ ಬರೆಯುತ್ತಿದ್ದುದನ್ನು ಯಂತ್ರ ಬರೆಯತೊಡಗಿತು. ಮೇಜುಗಳು ಅಲ್ಲೇ, ಸಹಿಗಳು ಅಷ್ಟೇ, ಹಿತ್ತಾಳೆಯ ಟೋಕನ್ ಹಿಡಿದು ಕಾಯುವುದೂ ಮೊದಲಿನಷ್ಟೇ. ನಾನು ಅಧ್ಯಾಪಕನಾಗಿ ಸೇರಿದ ದಿನಗಳಲ್ಲಿ ಪಗಾರ ತೆಗೆಯಲು ಅರ್ಧ ದಿನದ ರಜೆ ಹಾಕಬೇಕಾಗುತ್ತಿತ್ತು. ಶಾಖೆಯಲ್ಲಿ ಯಂತ್ರ ಬಂದ ಮೇಲೂ ಕೆಲವು ವರ್ಷ ಆ ಅರ್ಧ ದಿನ ಹಾಗೆಯೇ ಉಳಿದಿತ್ತು. ಎರಡನೆಯ ಘಟ್ಟದಲ್ಲಿ ಇಡೀ ಶಾಖೆಯೇ ಯಂತ್ರಕ್ಕೆ ಬಂದಿತು. ಆದರೂ ಶಾಖೆಯೆಂಬುದು ಒಂದು ದ್ವೀಪವಾಗಿಯೇ ಇತ್ತು. ಖಾನಾಪುರದ ಖಾತೆಗೆ ಬೆಳಗಾವಿಯಲ್ಲಿ ಬೆಲೆಯಿರಲಿಲ್ಲ. ನಡುವಣ ಹಾದಿ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು ಮಾತ್ರ, ಆದರೆ ಪರಸ್ಥಳದ ಚೆಕ್ಕು ಟಪಾಲಿನಲ್ಲಿ ಹೋಗಿ ಬರಬೇಕಾಗಿತ್ತು.

ನಿಜವಾದ ಪರಿವರ್ತನೆ ಆದದ್ದು ಮೂರನೆಯ ಘಟ್ಟದಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ‘ಕೋರ್ ಬ್ಯಾಂಕಿಂಗ್’ ಎಂಬ ವ್ಯವಸ್ಥೆ ಬಂದಾಗ. ಎಲ್ಲ ಶಾಖೆಗಳ ಲೆಕ್ಕ ಒಂದೇ ಕೇಂದ್ರದಲ್ಲಿ ಸೇರಿತು. ಅಂದಿನಿಂದ ಗಿರಾಕಿಯು ಶಾಖೆಯ ಗಿರಾಕಿಯಾಗಿ ಉಳಿಯದೆ ಬ್ಯಾಂಕಿನ ಗಿರಾಕಿಯಾದ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ರೂಪಿಸಿದ ‘ಫಿನಾಕಲ್’ ಎಂಬ ತಂತ್ರಾಂಶವನ್ನು ದೇಶದ ಎಷ್ಟೋ ಬ್ಯಾಂಕುಗಳು ಇದಕ್ಕಾಗಿ ಬಳಸಿದವು. ಗ್ರಾಮೀಣ ಬ್ಯಾಂಕುಗಳೂ ಈ ಜಾಲಕ್ಕೆ ಬಂದವು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ಹೆಸರಿನಲ್ಲಿ 1976ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾಗಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಬೇರೆ ಬ್ಯಾಂಕುಗಳೊಡನೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ ತಿಂಗಳಲ್ಲಿ ಅದೂ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಹೆಸರಿನ ಫಲಕಗಳು ಇಷ್ಟು ಬಾರಿ ಬದಲಾದರೂ ಖಾತೆದಾರನ ಹಣ ಅಲ್ಲಾಡದೆ ಉಳಿಯಿತು.

ಇಲ್ಲಿಂದ ಮೊದಲನೆಯ ಅಂಶ ಸಿದ್ಧವಾಗುತ್ತದೆ. ಹಳೆಯ ಕೆಲಸವನ್ನು ಹೊಸ ಯಂತ್ರದಿಂದ ಮಾಡಿಸುವುದು ಪರಿವರ್ತನೆಯಲ್ಲ. ಕೆಲಸವನ್ನೇ ಬೇರೆಯಾಗಿ ಆಲೋಚಿಸುವುದು ಪರಿವರ್ತನೆ. ಇದನ್ನು ಮರೆತವರು ಎಂಥ ದೊಡ್ಡವರಾದರೂ ಉಳಿಯಲಾರರು. ಅಮೆರಿಕದ ಕೊಡಕ್ ಕಂಪನಿಯ ಉದಾಹರಣೆ ಪ್ರಸಿದ್ಧವಾದದ್ದು. ಅದರ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿಯೇ ಡಿಜಿಟಲ್ ಕ್ಯಾಮರಾವನ್ನು ಮಾಡಿ ತೋರಿಸಿದ್ದ. ಹೊಸ ಯಂತ್ರ ಮೊದಲು ಹುಟ್ಟಿದ್ದೇ ಆ ಮನೆಯಲ್ಲಿ. ಆದರೆ ಕಂಪನಿಯ ಜೀವವಿದ್ದದ್ದು ಫಿಲ್ಮಿನ ಮಾರಾಟದಲ್ಲಿ. ಆ ವ್ಯಾಪಾರಕ್ರಮವನ್ನು ಕಾಲಕ್ಕೆ ಸರಿಯಾಗಿ ಬಿಡಲಾರದೆ 2012ರಲ್ಲಿ ಅದು ದಿವಾಳಿಯ ಅರ್ಜಿ ಹಾಕಬೇಕಾಯಿತು.

ಎರಡನೆಯ ನಿದರ್ಶನ ವ್ಯಾಪಾರ ಸಂಸ್ಥೆಯದಲ್ಲ, ಸರಕಾರದ್ದು. ಆದರೆ ವ್ಯಾಪಾರ ಸಂಸ್ಥೆಗಳು ಅದರಿಂದ ಕಲಿಯಬೇಕಾದುದು ಬಹಳವಿದೆ. ನಮ್ಮ ಕಡೆ ಉತಾರವೆಂದೂ ಮೈಸೂರು ಕಡೆ ಪಹಣಿಯೆಂದೂ ಕರೆಯುವ ಜಮೀನಿನ ದಾಖಲೆಯನ್ನು ಗಣಕಯಂತ್ರಕ್ಕೆ ತರುವ ಪ್ರಯತ್ನ ಕರ್ನಾಟಕದಲ್ಲಿ ಎರಡು ಬಾರಿ ನಡೆಯಿತು. 1990ರ ದಶಕದ ಮೊದಲ ಪ್ರಯತ್ನದಲ್ಲಿ ದಾಖಲೆಗಳನ್ನು ಯಂತ್ರಕ್ಕೆ ತುಂಬಿಸಿದರೇ ಹೊರತು, ಜಮೀನು ಕೈಬದಲಾದಾಗ ತಿದ್ದುವ ವ್ಯವಸ್ಥೆಯನ್ನು ಮಾಡಲಿಲ್ಲ. ತಿದ್ದುಪಡಿ ನಡೆಯುವುದು ತಾಲೂಕಿನಲ್ಲಿ. ಅಲ್ಲಿಗೆ ಯಂತ್ರವೇ ಬರಲಿಲ್ಲ. ಮಾರಿದವನ ಹೆಸರು ಯಂತ್ರದಲ್ಲಿ, ಕೊಂಡವನ ಹೆಸರು ತಲಾಠಿಯ ಪುಸ್ತಕದಲ್ಲಿ! ತುಂಬಿಸಿದ ಮಾಹಿತಿ ಕೆಲವೇ ದಿನಗಳಲ್ಲಿ ಹಳಸಿ ಹೋಯಿತು.

ಎರಡನೆಯ ಪ್ರಯತ್ನವೇ ‘ಭೂಮಿ’. ಅದನ್ನು ನಡೆಸಿದವರು ರಾಜೀವ್ ಚಾವ್ಲಾ ಎಂಬ ಅಧಿಕಾರಿ. 2000ದ ಆಸುಪಾಸಿನಲ್ಲಿ, ಆಗಿನ 177 ತಾಲೂಕುಗಳ, ಸುಮಾರು 67 ಲಕ್ಷ ರೈತರ, ಸುಮಾರು ಎರಡು ಕೋಟಿ ದಾಖಲೆಗಳು ಯಂತ್ರಕ್ಕೆ ಬಂದವು. ಸಂಖ್ಯೆ ದೊಡ್ಡದು ನಿಜ, ಆದರೆ ಅದರ ಗೆಲುವು ಸಂಖ್ಯೆಯಲ್ಲಿರಲಿಲ್ಲ. ಯಂತ್ರವನ್ನು ತಾಲೂಕು ಕಚೇರಿಯಲ್ಲಿಯೇ ಇಟ್ಟರು. ಯಂತ್ರ ಚಾಲೂ ಆದ ತಾಲೂಕಿನಲ್ಲಿ ಕೈಬರಹದ ಉತಾರಕ್ಕೆ ಮಾನ್ಯತೆಯಿಲ್ಲವೆಂದು ಸಾರಿದರು; ಎರಡು ದೋಣಿಗಳಲ್ಲಿ ಕಾಲಿಡಲು ಯಾರಿಗೂ ಅವಕಾಶ ಉಳಿಯಲಿಲ್ಲ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕು, ಹಿಂದಿನದನ್ನು ಮುಂದೆ ತರಕೂಡದು ಎಂಬ ನಿಯಮವನ್ನು ಯಂತ್ರದೊಳಗೇ ಕೂರಿಸಿದರು. ದಾಖಲೆಯನ್ನು ತಿದ್ದುವ ನೌಕರ ತನ್ನ ಬೆರಳಚ್ಚನ್ನು ಕೊಟ್ಟೇ ಒಳಹೋಗಬೇಕು. ಯಾರು ತಿದ್ದಿದರೆಂಬುದು ಉಳಿಯುತ್ತದೆ. ಇನ್ನೊಂದು ಪರದೆಯನ್ನು ರೈತನ ಕಡೆಗೆ ತಿರುಗಿಸಿಟ್ಟರು. ಹದಿನೈದು ರೂಪಾಯಿ ಕೊಟ್ಟರೆ ಯಾರ ಶಿಫಾರಸೂ ಇಲ್ಲದೆ ಉತಾರ ಕೈಗೆ ಬರುತ್ತಿತ್ತು. ಆ ವರೆಗೆ ತಲಾಠಿ ಊರಲ್ಲಿದ್ದಾನೆಯೇ, ಪ್ರಸನ್ನನಾಗಿದ್ದಾನೆಯೇ ಎಂದು ವಿಚಾರಿಸಿಕೊಂಡು ಹೋಗಬೇಕಾಗಿದ್ದ ಸಣ್ಣ ಹಿಡುವಳಿಯವನಿಗೆ ಇದು ಚಿಕ್ಕ ಸಂಗತಿಯಲ್ಲ. ಬೆಳೆಸಾಲ ಎತ್ತಬೇಕಾದ ರೈತನಿಗೆ ಸಮಯವೂ ಹಣವೇ.

‘ಭೂಮಿ’ಯಲ್ಲಿ ಇನ್ನೊಂದು ವಿವೇಕವಿತ್ತು. ಯಂತ್ರಕ್ಕೆ ತುಂಬಿಸಿದ್ದನ್ನು ಮುದ್ರಿಸಿ, ಅದೇ ತಲಾಠಿಗಳ ಕೈಗೆ ಕೊಟ್ಟು, ಮೂಲದೊಡನೆ ತಾಳೆ ನೋಡಿಸಿ, ತಪ್ಪುಗಳನ್ನು ತಿದ್ದಿಸಿದರು. ಹಸ್ತಪ್ರತಿಗಳ ಸಂಪಾದನೆ ಮಾಡಿದವರಿಗೆ ಈ ಶ್ರಮದ ಬೆಲೆ ಗೊತ್ತು. ಒಂದು ಪ್ರತಿಯ ತಪ್ಪು ಮುಂದಿನ ನೂರು ಪ್ರತಿಗಳಿಗೆ ಇಳಿಯುತ್ತದೆ. ಗಣಕಯಂತ್ರವೂ ಒಬ್ಬ ಲಿಪಿಕಾರ. ಅದು ತಾನಾಗಿ ತಪ್ಪು ಬರೆಯುವುದು ಕಡಿಮೆ, ಕೊಟ್ಟ ತಪ್ಪನ್ನು ತಿದ್ದುವುದು ಇನ್ನೂ ಕಡಿಮೆ. ಹಳೆಯ ಲೆಕ್ಕವನ್ನು ಶುದ್ಧ ಮಾಡಿಕೊಂಡು ದಾಟಿಸುವುದೇ ಎರಡನೆಯ ಅಂಶ. ವ್ಯಾಪಾರದವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ, ಏಕೆಂದರೆ ಈ ಕೆಲಸ ನಿಧಾನದ್ದು, ಮಾಡಿದವರಿಗೆ ಹೆಸರೂ ಬರುವುದಿಲ್ಲ.

ನಮ್ಮ ಗಡಿಭಾಗದಲ್ಲಿ ಈ ಶುದ್ಧೀಕರಣ ಇನ್ನಷ್ಟು ಕಠಿನ. ಹೆಸರುಗಳ ಪಾಡನ್ನೇ ನೋಡಿರಿ. ಖಾನಾಪುರದ ಕಡೆಯ ಒಬ್ಬ ಲಕ್ಷ್ಮಣನ ಹೆಸರು ಉತಾರದಲ್ಲಿ ಕನ್ನಡದಲ್ಲಿರುತ್ತದೆ, ಶಾಲೆಯ ದಾಖಲೆಯಲ್ಲಿ ದೇವನಾಗರಿಯಲ್ಲಿರುತ್ತದೆ, ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಆ ಇಂಗ್ಲಿಷಿನಲ್ಲಿಯೂ ಒಬ್ಬ ಗುಮಾಸ್ತ ಎಕ್ಸ್ ಅಕ್ಷರ ಹಾಕುತ್ತಾನೆ, ಇನ್ನೊಬ್ಬ ಕೆ, ಎಸ್, ಎಚ್ ಅಕ್ಷರಗಳನ್ನು ಜೋಡಿಸುತ್ತಾನೆ. ಒಂದು ಕಡೆ ತಂದೆಯ ಹೆಸರು ಸೇರಿದೆ, ಇನ್ನೊಂದು ಕಡೆ ಇಲ್ಲ. ಒಂದು ಕಡೆ ಪಾಟೀಲ, ಇನ್ನೊಂದು ಕಡೆ ಊರ ಹೆಸರು. ಊರಿನವರೆಲ್ಲ ಒಬ್ಬನೇ ಎಂದು ಬಲ್ಲ ಈ ಲಕ್ಷ್ಮಣ, ಯಂತ್ರದ ದೃಷ್ಟಿಯಲ್ಲಿ ಮೂವರು. ಸಾಲವೋ ಸಹಾಯಧನವೋ ಬರಬೇಕಾದಾಗ ಆ ಮೂವರೂ ಒಬ್ಬನೇ ಎಂದು ರುಜುವಾತು ಮಾಡುವ ಭಾರ ಅವನ ತಲೆಯ ಮೇಲೆ ಬೀಳುತ್ತದೆ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಮೊದಲಿನಿಂದಲೂ ಕನ್ನಡಕ್ಕೆ ಸ್ಥಾನವಿದೆ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಿಂದ ಕನ್ನಡವನ್ನು ಒತ್ತುವುದೂ ಸುಲಭವಾಗಿದೆ. ಗಿರಾಕಿ ತನ್ನ ಲೆಕ್ಕವನ್ನು ತನ್ನ ಭಾಷೆಯಲ್ಲಿ ಓದಲಾರದಿದ್ದರೆ, ಅದರಲ್ಲಿಯ ತಪ್ಪನ್ನು ಅವನು ಹೇಗೆ ಕಂಡಾನು? ಭಾಷೆಯ ಪ್ರಶ್ನೆ ಇಲ್ಲಿ ಅಭಿಮಾನಕ್ಕಿಂತ ಹೆಚ್ಚಾಗಿ ಲೆಕ್ಕದ ಶುದ್ಧಿಯ ಪ್ರಶ್ನೆ.

ಮೂರನೆಯ ಅಂಶ ಕೆಲಸ ಮಾಡುವ ಜನ. ಬ್ಯಾಂಕುಗಳ ಕಥೆಗೆ ಇನ್ನೊಂದು ಮುಖವಿದೆ. 2000-01ರಲ್ಲಿ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ನೌಕರರು ಸ್ವಯಂನಿವೃತ್ತಿ ಪಡೆದು ಹೊರಬಂದರು. ಅವರಲ್ಲಿ ಕೆಲವರು ನನ್ನ ಮಿತ್ರರು. ಯಾವ ಸಹಿ ಯಾರದು, ಯಾವ ರೈತ ಸುಗ್ಗಿಯಾದ ಮೇಲೆ ತಪ್ಪದೆ ಸಾಲ ತುಂಬುತ್ತಾನೆ ಎಂಬ ತಿಳಿವಳಿಕೆ ಅವರ ಜೊತೆಯಲ್ಲಿ ಹೊರಗೆ ನಡೆದುಹೋಯಿತು. ಅದನ್ನು ಯಾವ ಯಂತ್ರಕ್ಕೂ ತುಂಬಿಸಿರಲಿಲ್ಲ. ಯಂತ್ರ ಬರುವುದಕ್ಕೆ ಮುಂಚೆ ಸಂಘಗಳೊಡನೆ ಮಾತುಕತೆ ನಡೆದು ಒಪ್ಪಂದವಾದದ್ದು ಒಳ್ಳೆಯದೇ ಆಯಿತು. ಹಾಗಿಲ್ಲದಿದ್ದರೆ ಬಹುಶಃ ಈ ಬದಲಾವಣೆ ಅಷ್ಟು ಶಾಂತವಾಗಿ ಸಾಗುತ್ತಿರಲಿಲ್ಲ.

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಡಿದು ಅದರ ತೇವ ಸರಿಯಿದೆಯೇ ಇಲ್ಲವೇ ಎಂದು ಹೇಳುವ ಹಿರಿಯ ಕೆಲಸಗಾರರು ಇದ್ದಾರೆ. ಈಗ ಕರಗಿದ ಕಬ್ಬಿಣ ಅಚ್ಚಿನೊಳಗೆ ಹೇಗೆ ಹರಿದು ಹೇಗೆ ಗಟ್ಟಿಯಾಗುತ್ತದೆಂಬುದನ್ನು ಗಣಕಯಂತ್ರದ ಪರದೆಯ ಮೇಲೆ ಮೊದಲೇ ಕಾಣಬಹುದು. ಯಾವ ಎರಕ ಯಾವ ದಿನದ ಯಾವ ಕರಗಿನದು ಎಂಬುದನ್ನೂ ಪತ್ತೆ ಹಚ್ಚಬಹುದು. ಆದರೆ ಕೆಟ್ಟುಹೋದ ಎರಕಗಳ ಲೆಕ್ಕವನ್ನು ಯಂತ್ರಕ್ಕೆ ಕೊಡುವವನು ಆ ಕೆಲಸಗಾರನೇ. ಕೆಟ್ಟದ್ದನ್ನು ಬರೆದ ದಿನ ಬೈಗುಳವೋ ದಂಡವೋ ಕಾದಿದ್ದರೆ ಅವನು ಕಡಿಮೆ ಬರೆಯುತ್ತಾನೆ. ಆಗ ಮೇಲಿನವರ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆಗಳು ಮೂಡುತ್ತವೆ, ಎಲ್ಲವೂ ಸುಳ್ಳು. ತಪ್ಪನ್ನು ಹೇಳಿದವನು ಶಿಕ್ಷೆಗೆ ಗುರಿಯಾಗದಂಥ ವಾತಾವರಣವನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿಟ್ಟು ಮಾರುವುದಿಲ್ಲ. ಅದನ್ನು ಯಜಮಾನರೇ ಕಟ್ಟಬೇಕು.

ನಾಲ್ಕನೆಯ ಪ್ರಶ್ನೆ: ಲಾಭ ಯಾರಿಗೆ? ಕೃಷಿ ಮಾರುಕಟ್ಟೆಗಳನ್ನು ನೋಡೋಣ. ಹಿಂದೆ ನಮ್ಮ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ಒಂದು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಧಾರಣೆ ಗೊತ್ತುಮಾಡುವ ಪದ್ಧತಿಯಿತ್ತು. ಬೆರಳುಗಳೇನೋ ರೈತನ ಮಾಲಿನ ಬೆಲೆಯನ್ನು ಮಾತಾಡುತ್ತಿದ್ದವು, ಆದರೆ ರೈತನಿಗೆ ಕಾಣುತ್ತಿದ್ದುದು ವಸ್ತ್ರ ಮಾತ್ರ. ಕಾಯಿದೆಗಳು ಬಂದು, 1966ರ ಕರ್ನಾಟಕದ ಮಾರುಕಟ್ಟೆ ಅಧಿನಿಯಮವೂ ಬಂದು, ಬಹಿರಂಗ ಹರಾಜು, ಆಮೇಲೆ ಚೀಟಿಯ ಟೆಂಡರು ನಡೆದವು. 2014ರಲ್ಲಿ ರಾಜ್ಯ ಸರಕಾರ ಎನ್‌ಸಿಡಿಇಎಕ್ಸ್ ಬಳಗದ ಸಂಸ್ಥೆಯೊಡನೆ ಸಮಪಾಲಿನಲ್ಲಿ ಒಂದು ಕಂಪನಿ ಮಾಡಿಕೊಂಡು, ಮಾರುಕಟ್ಟೆಗಳನ್ನು ಒಂದೇ ಗಣಕಜಾಲಕ್ಕೆ ಸೇರಿಸತೊಡಗಿತು. ಬರಬರುತ್ತ ನೂರೈವತ್ತಕ್ಕೂ ಹೆಚ್ಚು ಮಾರುಕಟ್ಟೆಗಳು ಅದಕ್ಕೆ ಬಂದವು. ಬಾಗಿಲಲ್ಲಿಯೇ ಮಾಲಿಗೆ ಒಂದು ಸಂಖ್ಯೆ. ಖರೀದಿದಾರರು ತಮ್ಮ ತಮ್ಮ ಧಾರಣೆಯನ್ನು ಯಂತ್ರಕ್ಕೆ ಹಾಕುತ್ತಾರೆ. ಒಬ್ಬನದು ಇನ್ನೊಬ್ಬನಿಗೆ ಕಾಣದು. ಹೊತ್ತು ಮುಗಿದ ಮೇಲೆ ಹೆಚ್ಚಿನದು ಪ್ರಕಟವಾಗುತ್ತದೆ. ಒಪ್ಪದಿದ್ದರೆ ರೈತ ಮಾಲನ್ನು ಕೊಡದಿರಬಹುದು. ಎರಡು ವರ್ಷಗಳ ಮೇಲೆ, 2016ರ ಏಪ್ರಿಲಿನಲ್ಲಿ, ಕೇಂದ್ರ ಸರಕಾರ ದೇಶದ ಮಟ್ಟದಲ್ಲಿ ಇಂಥದೇ ವ್ಯವಸ್ಥೆಯನ್ನು ಆರಂಭಿಸಿತು.

ಫಲವೇನಾಯಿತು? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2020ರಲ್ಲಿ ಕರ್ನಾಟಕದ ಈ ವ್ಯವಸ್ಥೆಯ ಬಗೆಗೆ ಒಂದು ಅಧ್ಯಯನ ಪ್ರಕಟವಾಯಿತು. ಭತ್ತದ ಧಾರಣೆ ಶೇಕಡಾ 5.1, ಶೇಂಗಾದ್ದು 3.6, ಗೋವಿನಜೋಳದ್ದು 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಗಳ ಧಾರಣೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಒಳ್ಳೆಯ ಮಾಲು ತಂದವರಿಗೆ ಲಾಭ ಹೆಚ್ಚು. ಭತ್ತ ಬೆಳೆಯುವ ಖಾನಾಪುರದಂಥ ಸೀಮೆಗೆ ನೂರಕ್ಕೆ ಐದು ರೂಪಾಯಿ ಅಲ್ಪವಲ್ಲ. ಆದರೆ ಯಂತ್ರ ಬಂದ ಮಾತ್ರಕ್ಕೆ ಎಲ್ಲರ ಬದುಕೂ ಹಸನಾಗುತ್ತದೆಂಬ ಘೋಷಣೆಗೂ ಇಲ್ಲಿ ಆಧಾರವಿಲ್ಲ. ‘ಭೂಮಿ’ಯ ಬಗೆಗೂ ಸಾಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು, ಬೆಂಗಳೂರಿನ ಸುತ್ತ ದಾಖಲೆ ಸುಲಭವಾಗಿ ಸಿಕ್ಕಿದ್ದರಿಂದ ದೊಡ್ಡ ಬಂಡವಾಳದವರಿಗೇ ಅನುಕೂಲವಾಯಿತೆಂದು ಎಚ್ಚರಿಸಿದ್ದಾರೆ. ಪರದೆ ಎಲ್ಲರ ಕಡೆಗೆ ತಿರುಗಿದ್ದರೂ ಓದಬಲ್ಲವನು ಮೊದಲು ಓದುತ್ತಾನೆ.

ಇನ್ನು ಕೊನೆಯ ಅಂಶ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹಿರಿದಾದುದು: ಯಂತ್ರದ ಲೆಕ್ಕವನ್ನು ಪ್ರಶ್ನಿಸುವ ಅವಕಾಶ. ಅದಿಲ್ಲದಾಗ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಸಂಗ ಸಾಕ್ಷಿ. ಅಲ್ಲಿಯ ಎಷ್ಟೋ ಸಣ್ಣ ಊರುಗಳಲ್ಲಿ ಅಂಚೆಯ ಶಾಖೆಯನ್ನು ನಡೆಸುವವರು ಸಾಮಾನ್ಯ ಅಂಗಡಿಕಾರರು. 1999ರಿಂದ ಅವರ ಲೆಕ್ಕಕ್ಕೆ ‘ಹೊರೈಜನ್’ ಎಂಬ ಗಣಕವ್ಯವಸ್ಥೆ ಬಂದಿತು. ಯಂತ್ರದೊಳಗಿನ ದೋಷದಿಂದ, ಇಲ್ಲದ ಹಣ ಕಡಿಮೆ ಬಿದ್ದಂತೆ ಅದು ತೋರಿಸತೊಡಗಿತು. ಅಂಗಡಿಕಾರರು ತಮ್ಮ ಗಂಟಿನಿಂದ ಹಣ ತುಂಬಿದರು, ಮನೆ ಒತ್ತೆಯಿಟ್ಟರು. ಸಹಾಯ ಕೇಳಿದವರಿಗೆ ಇಂಥ ತೊಂದರೆ ಬೇರೆ ಯಾರಿಗೂ ಇಲ್ಲವೆಂಬ ಉತ್ತರ ಸಿಗುತ್ತಿತ್ತು. 2015ರ ವರೆಗೆ 900ಕ್ಕೂ ಹೆಚ್ಚು ಜನರಿಗೆ ಕಳವು, ವಂಚನೆ, ಸುಳ್ಳು ಲೆಕ್ಕಗಳ ಆರೋಪದ ಮೇಲೆ ಶಿಕ್ಷೆಯಾಯಿತು. ಕೆಲವರು ಸೆರೆಮನೆ ಕಂಡರು, ಕೆಲವರು ಪ್ರಾಣ ಕಳೆದುಕೊಂಡರು. ಯಂತ್ರದಲ್ಲಿ ದೋಷವಿತ್ತೆಂದು ಅಲ್ಲಿಯ ಹೈಕೋರ್ಟು 2019ರಲ್ಲಿ ತೀರ್ಪು ಕೊಟ್ಟಿತು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಲು 2024ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಬೇಕಾಯಿತು. ಅಲ್ಲಿ ಹಣಕ್ಕಾಗಲಿ ತಂತ್ರಜ್ಞರಿಗಾಗಲಿ ಕೊರತೆಯಿರಲಿಲ್ಲ. ‘ಚೂಕ್ ಭೂಲ್ ದ್ಯಾವೀ ಘ್ಯಾವೀ’ ಎನ್ನುವ ಮನಸ್ಸಿನ ಕೊರತೆಯಿತ್ತು.

ಅಂಥ ದೊಡ್ಡ ಅನ್ಯಾಯ ದೂರದ ದೇಶದ್ದೆಂದು ನಾವು ನಿಶ್ಚಿಂತರಾಗಿರಬೇಕಿಲ್ಲ. ಹೆಬ್ಬೆಟ್ಟು ಎಂಬ ಮಾತು ನಮ್ಮಲ್ಲಿ ಬಹುಕಾಲ ಅನಕ್ಷರಸ್ಥನ ಗುರುತಾಗಿತ್ತು. ಸಾಲಪತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಕಥೆಗಳು ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಈಗ ಅದೇ ಹೆಬ್ಬೆಟ್ಟು ಆಧಾರದ ಹೆಸರಿನಲ್ಲಿ ಮರಳಿ ಬಂದಿದೆ; ಹಳ್ಳಿಯ ಬ್ಯಾಂಕ್ ಮಿತ್ರನ ಪುಟ್ಟ ಯಂತ್ರದ ಮೇಲೆ ಬೆರಳೊತ್ತಿದರೆ ಮನೆಯ ಬಾಗಿಲಿಗೇ ಹಣ ಬರುತ್ತದೆ. ನಿಜಕ್ಕೂ ಇದು ಉಪಕಾರ. ಆದರೆ ಜೀವಮಾನವೆಲ್ಲ ಕಲ್ಲು ಮಣ್ಣಿನಲ್ಲಿ ದುಡಿದವಳ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಆಕೆಯನ್ನು ಗುರುತಿಸುವುದಿಲ್ಲ. ಜಾಂಬೋಟಿ, ಕಣಕುಂಬಿಗಳ ಆಚೆಗೆ, ಭೀಮಗಡದ ಕಾಡಿನ ಅಂಚಿನ ಹಳ್ಳಿಗಳಲ್ಲಿ ಮಳೆಗಾಲದ ಗಾಳಿ ಬೀಸಿದಾಗ ವಿದ್ಯುತ್ತೂ ಸಂಪರ್ಕವೂ ಒಟ್ಟಿಗೇ ಕೈಕೊಡುತ್ತವೆ. ಅಂಥ ದಿನ ಆ ಮುದುಕಿಗೆ ‘ನಾಳೆ ಬಾರವ್ವಾ’ ಎಂದು ಹೇಳಿ ಕಳಿಸುವುದು ಸುಲಭ. ಆಕೆಗೆ ನಾಳೆಯೆಂದರೆ ಮತ್ತೊಂದು ದಿನದ ಕೂಲಿ, ಮತ್ತೊಂದು ಬಸ್ಸಿನ ಹಾದಿ. ಯಂತ್ರ ಸೋತ ದಿನ ಕೆಲಸ ನಡೆಯುವುದು ಹೇಗೆ ಎಂಬುದನ್ನು ಯಂತ್ರ ಕೊಳ್ಳುವ ದಿನವೇ ಗೊತ್ತುಮಾಡಿರಬೇಕು. ಒಂದು ಪುಸ್ತಕ, ಒಂದು ಸಹಿ, ಜವಾಬ್ದಾರಿ ಹೊರಬಲ್ಲ ಒಬ್ಬ ಮನುಷ್ಯ, ಇಷ್ಟಾದರೂ ಉಳಿದಿರಬೇಕು.

ಈ ಮಾತುಗಳನ್ನು ಈಗಲೇ ಹೇಳಲು ಕಾರಣವಿದೆ. ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಕೇಂದ್ರ ಸರಕಾರ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಆರಂಭದ ಗುರಿ 63,000 ಸಂಘಗಳು, ವೆಚ್ಚ 2,516 ಕೋಟಿ ರೂಪಾಯಿ. ಭಾರತದ ಮೊತ್ತಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಹುಟ್ಟಿಸಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಪರಸ್ಪರ ಬಲ್ಲ ಜನ ಒಬ್ಬರ ಮಾತಿಗೆ ಒಬ್ಬರು ಹೊಣೆಯಾಗಿ ಕಟ್ಟಿದ ಸಂಸ್ಥೆಗಳಿವು. ಇವುಗಳ ಲೆಕ್ಕ ಯಂತ್ರಕ್ಕೆ ದಾಟುವಾಗ ಬೇಕಾದ ಎಚ್ಚರ ಇನ್ನೂ ಹೆಚ್ಚಿನದು. ಸಂಘದ ಕಾರ್ಯದರ್ಶಿ ದಾಟಿಸುವ ಮುನ್ನ ಪ್ರತಿಯೊಬ್ಬ ಸದಸ್ಯನ ಷೇರು, ಠೇವಣಿ, ಸಾಲಗಳ ಪಟ್ಟಿಯನ್ನು ಊರ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಮರಾಠಿ ಮಾತಾಡುವವರಿಗೆ ಅವರ ಮಾತಿನಲ್ಲಿಯೇ ತಿಳಿಸಲಿ. ಒಂದು ದಿನ ಹೆಚ್ಚು ಹಿಡಿದೀತು. ಆದರೆ ಹಾಗೆ ದಾಟಿದ ಲೆಕ್ಕಕ್ಕೆ ಊರೇ ಸಾಕ್ಷಿಯಾಗಿರುತ್ತದೆ.

ಶ್ರೋತೃಗಳೇ, ಕೆಲಸದ ಕ್ರಮವನ್ನು ಬದಲಿಸುವ ಧೈರ್ಯ, ಹಳೆಯ ಲೆಕ್ಕವನ್ನು ತೊಳೆದುಕೊಳ್ಳುವ ತಾಳ್ಮೆ, ನೌಕರನ ಅನುಭವಕ್ಕೆ ಗೌರವ, ಲಾಭದ ಹಂಚಿಕೆಯ ಮೇಲೆ ಕಣ್ಣು, ತಪ್ಪನ್ನು ಕೇಳಿಸಿಕೊಳ್ಳುವ ಕಿವಿ: ಡಿಜಿಟಲ್ ಪರಿವರ್ತನೆಗೆ ಬೇಕಾದ ಮುಖ್ಯ ಅಂಶಗಳು ಇವೇ. ಇವುಗಳಲ್ಲಿ ಒಂದೂ ಯಂತ್ರದ ಗುಣವಲ್ಲ, ಎಲ್ಲವೂ ಮನುಷ್ಯರ ಗುಣಗಳೇ. ಇಂದು ಬೆಳಗಾವಿಯ ಬೀದಿಯಲ್ಲಿ ಕೊತ್ತಂಬರಿ ಮಾರುವ ಹೆಣ್ಣುಮಗಳೂ ಚೌಕುಳಿ ಚಿತ್ರದ ಫಲಕವನ್ನು ಬುಟ್ಟಿಗೆ ಆನಿಸಿಟ್ಟು ಹಣ ಪಡೆಯುತ್ತಾಳೆ. ಆ ಹಣ ಆಕೆಯ ಖಾತೆಗೆ ಸೇರಿತೇ ಇಲ್ಲವೇ ಎಂಬ ಸಂದೇಹ ಬಂದಾಗ ಆಕೆ ಯಾರನ್ನು ಕೇಳಬೇಕು, ಅವರು ಆಕೆಯ ಮಾತಿನಲ್ಲಿ ಉತ್ತರ ಕೊಡುವರೇ ಎಂದು ಪ್ರತಿಯೊಂದು ಬ್ಯಾಂಕು, ಪ್ರತಿಯೊಂದು ಕಂಪನಿ ತನ್ನನ್ನೇ ಕೇಳಿಕೊಳ್ಳಲಿ. ಅದಕ್ಕೆ ‘ಹೌದು’ ಎಂಬ ಉತ್ತರವಿದ್ದರೆ ಪರಿವರ್ತನೆ ಆ ಬುಟ್ಟಿಯವರೆಗೂ ಬಂದು ಮುಟ್ಟಿದೆ ಎಂದು ತಿಳಿಯಬಹುದು.

(ಬಾನುಲಿ ಭಾಷಣ)